ಮುಂದೆ ಒಂದೇ ಚೈನ್‌ರಿಂಗ್ ಇರುವ ಮೌಂಟನ್ ಬೈಕಿಗೆ ಯಾವ ಹಿಂದಿನ ಡಿರೇಲರ್?

ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ, ಬದಲಿಸಬೇಕು ಅಂತ ಹೊರಟವರು ಮೊದಲು ಕೇಳುವುದು 'ಶಿಮಾನೊದ ಎಕ್ಸ್‌ಟಿ ಒಳ್ಳೇದಾ, ಸ್ರಾಮ್‌ನ ಜಿಎಕ್ಸ್ ಒಳ್ಳೇದಾ' ಅಂತ. ಎರಡೂ ಒಳ್ಳೇದೇ. ಆದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಹಿಂದಿನ ಚಕ್ರದ ಫ್ರೀಹಬ್ ಯಾವ ಥರದ್ದು, ಅದರ ಮೇಲೆ ಯಾವ ಕ್ಯಾಸೆಟ್ (ಹಲ್ಲುಗಾಲಿಗಳ ಗೊಂಚಲು) ಕೂರುತ್ತದೆ, ಹ್ಯಾಂಡಲ್ ಮೇಲಿನ ಶಿಫ್ಟರ್ ಯಾವ ಕಂಪನಿಯದು, ಎಷ್ಟು ಸ್ಪೀಡಿನದು, ಇಷ್ಟು ಗೊತ್ತಾದರೆ ಸಾಕು, ಆರಿಸಲು ಉಳಿಯುವುದು ಎರಡೋ ಮೂರೋ ಮಾಡೆಲ್. ಇದನ್ನು ನೋಡದೆ ಡಿರೇಲರ್ ತಂದವರು ಆಮೇಲೆ ಅದಕ್ಕೆ ಹೊಂದುವ ಕ್ಯಾಸೆಟ್, ಆ ಕ್ಯಾಸೆಟ್‌ಗೆ ಹೊಂದುವ ಫ್ರೀಹಬ್, ಕೊನೆಗೆ ಇಡೀ ಚಕ್ರವನ್ನೇ ಕೊಳ್ಳುವ ಹಂತಕ್ಕೆ ಬರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಿರೇಲರ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಬೈಕಿನಲ್ಲಿ ನೆಲಕ್ಕೆ ಹತ್ತಿರವಾಗಿ, ಪಕ್ಕಕ್ಕೆ ಚಾಚಿಕೊಂಡು ನೇತಾಡುವ ಭಾಗ ಅದು. ಕಲ್ಲು ಬಡಿಯುವುದು ಅದಕ್ಕೇ. ಚಕ್ರಕ್ಕೆ ಕಡ್ಡಿ ಸಿಕ್ಕಿಕೊಂಡರೆ ತಿರುಚಿಕೊಳ್ಳುವುದೂ ಅದೇ. ಇನ್ನು, ಗೇರ್ ಚುರುಕಾಗಿ ಬೀಳುತ್ತಿದೆ ಅಂತ ಬೆರಳಿಗೆ ಅನ್ನಿಸುವುದರಲ್ಲಿ ಶಿಫ್ಟರ್, ಕೇಬಲ್ ಮತ್ತು ಕ್ಯಾಸೆಟ್‌ನ ಹಲ್ಲಿನ ಆಕಾರದ ಪಾಲೇ ದೊಡ್ಡದು. ಮಧ್ಯಮ ದರ್ಜೆಯ ಡಿರೇಲರ್ ತಗೊಳ್ಳಿ, ಒಂದು ಮೆಟ್ಟಿಲು ಮೇಲಿನ ಶಿಫ್ಟರ್ ಹಾಕಿ, ಕೇಬಲ್ ಮತ್ತು ಅದರ ಹೊರಕವಚ ಹೊಸದು ಮಾಡಿ, ಬ್ಯಾಗಿನಲ್ಲಿ ಒಂದು ಸ್ಪೇರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಕೂರಿಸುವ ತುಂಡು) ಇಟ್ಟುಕೊಳ್ಳಿ. ಅತಿ ದುಬಾರಿ ಡಿರೇಲರ್ ಹಾಕಿ ಹಳೇ ತುಕ್ಕು ಕೇಬಲ್‌ನಲ್ಲಿ ಎಳೆಯುವುದಕ್ಕಿಂತ ಇದು ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದೇ ರಿಂಗ್ ಆದಾಗ ಏನು ಬದಲಾಗುತ್ತದೆ

ಮುಂದೆ ಎರಡು ಮೂರು ರಿಂಗ್ ಇದ್ದಾಗ ಮುಂದಿನ ಡಿರೇಲರ್‌ನ ಪಂಜರ ಚೈನನ್ನು ಸುಮಾರಾಗಿ ಅದರ ಜಾಗದಲ್ಲೇ ಹಿಡಿದಿಡುತ್ತಿತ್ತು. ಅದನ್ನು ಕಿತ್ತುಹಾಕಿದ ಮೇಲೆ ಗುಂಡಿ ದಿಣ್ಣೆಯಲ್ಲಿ ಚೈನ್ ಹಾರಿ ಬೀಳಲು ಶುರುವಾಯಿತು. ಅದಕ್ಕೆ ಎರಡು ಉಪಾಯ ಬಂದವು. ಒಂದು, ಒಂದು ಹಲ್ಲು ದಪ್ಪ ಒಂದು ಹಲ್ಲು ತೆಳು ಇರುವ ಚೈನ್‌ರಿಂಗ್. ಇನ್ನೊಂದು, ಡಿರೇಲರ್ ಒಳಗೆ ಕ್ಲಚ್, ಅಂದರೆ ಕೇಜ್ (ಎರಡು ಪುಲ್ಲಿ ಇರುವ, ಕೆಳಗೆ ನೇತಾಡುವ ತೋಳು) ಸುಮ್ನೆ ಮುಂದಕ್ಕೆ ತೂಗಾಡದಂತೆ ತಡೆಯುವ ಬಿಗಿ. ಶಿಮಾನೊ 2011ರಲ್ಲಿ ಎಕ್ಸ್‌ಟಿಆರ್‌ನಲ್ಲಿ ಇದನ್ನು ತಂದಿತು, ಸ್ರಾಮ್ ಬೆನ್ನಿಗೇ ಬಂತು. 2012ರಲ್ಲಿ ಸ್ರಾಮ್‌ನ ಎಕ್ಸ್‌ಎಕ್ಸ್1 ಬಂದಾಗ ಹಿಂದೆ 10ರಿಂದ 42 ಹಲ್ಲಿನ ಹನ್ನೊಂದು ಸ್ಪ್ರಾಕೆಟ್ (ಹಲ್ಲುಗಾಲಿ), ಮುಂದೆ ಒಂದೇ ರಿಂಗ್. ಮುಂದಿನ ಡಿರೇಲರ್‌ನ ಕಾಲ ಮೌಂಟನ್ ಬೈಕಿನಲ್ಲಿ ಅಲ್ಲಿಂದಲೇ ಇಳಿಮುಖ.

ಒಂದೇ ರಿಂಗ್‌ಗಾಗಿಯೇ ಮಾಡಿದ ಡಿರೇಲರ್‌ನಲ್ಲಿ ಇನ್ನೊಂದು ಜಾಣತನ ಇದೆ. ಸ್ರಾಮ್‌ನದನ್ನೇ ನೋಡಿ, ಮೇಲಿನ ಪುಲ್ಲಿ ಕೇಜ್ ತಿರುಗುವ ಬಿಂದುವಿನ ಮೇಲೇ ಇಲ್ಲ, ಸ್ವಲ್ಪ ಆಚೆ ಕೂತಿದೆ. ದೊಡ್ಡ ಸ್ಪ್ರಾಕೆಟ್‌ಗೆ ಹೋದಂತೆ ಚೈನ್ ಕೇಜನ್ನು ಮುಂದಕ್ಕೆ ಎಳೆಯುತ್ತದೆ, ಕೇಜ್ ತಿರುಗಿದಾಗ ಆ ಪುಲ್ಲಿ ತಾನಾಗಿಯೇ ಕೆಳಗಿಳಿದು ದೊಡ್ಡ ಹಲ್ಲುಗಳಿಗೆ ಜಾಗ ಬಿಡುತ್ತದೆ. ಮುಂದೆ ರಿಂಗ್ ಬದಲಾಗುವುದಿಲ್ಲವಾದ್ದರಿಂದ ಪ್ರತಿ ಸ್ಪ್ರಾಕೆಟ್‌ಗೂ ಕೇಜ್‌ನ ಕೋನ ಇಂತಿಷ್ಟೇ ಅಂತ ನಿಗದಿ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ಹಳೇ ಮೂರು ರಿಂಗಿನ ಬೈಕಿನ ಡಿರೇಲರನ್ನೇ ಇಟ್ಟುಕೊಂಡು ಹಿಂದೆ 46 ಅಥವಾ 50 ಹಲ್ಲಿನ ಕ್ಯಾಸೆಟ್ ಹಾಕಿದರೆ ಯಾಕೆ ಒದ್ದಾಡುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಆ ಡಿರೇಲರ್ 34 ಅಥವಾ 36 ಹಲ್ಲಿಗೆ ಅಂತ ಮಾಡಿದ್ದು, ಮೇಲಿನ ಪುಲ್ಲಿ ದೊಡ್ಡ ಸ್ಪ್ರಾಕೆಟ್‌ಗೆ ಉಜ್ಜುತ್ತದೆ. ಹ್ಯಾಂಗರ್ ಎಕ್ಸ್‌ಟೆಂಡರ್ ಹಾಕಿ ಕೆಳಗಿಳಿಸಬಹುದು, ಆಗ ದೊಡ್ಡದರಲ್ಲಿ ಓಡುತ್ತದೆ, ಸಣ್ಣ ಸ್ಪ್ರಾಕೆಟ್‌ಗಳಲ್ಲಿ ಪುಲ್ಲಿ ತೀರ ದೂರವಾಗಿ ಗೇರ್ ತಡವಾಗಿ ಬೀಳುತ್ತದೆ. ತಾತ್ಕಾಲಿಕಕ್ಕೆ ಸರಿ. ಹೊಸದಾಗಿ ದುಡ್ಡು ಹಾಕುವವರು ಆ ದಾರಿ ಹಿಡಿಯಬೇಡಿ.

ಮೊದಲು ಫ್ರೀಹಬ್ ನೋಡಿ

ಮೌಂಟನ್ ಬೈಕಿನಲ್ಲಿ ಮುಖ್ಯವಾಗಿ ಸಿಗುವುದು ಮೂರು: ಶಿಮಾನೊದ ಹಳೇ ಎಚ್‌ಜಿ, ಅದರದೇ ಹೊಸ ಮೈಕ್ರೋ ಸ್ಪ್ಲೈನ್, ಸ್ರಾಮ್‌ನ ಎಕ್ಸ್‌ಡಿ. ಕ್ಯಾಸೆಟ್ ಬಿಚ್ಚದೆ ಕಂಡುಹಿಡಿಯಬೇಕಾದರೆ ಅತಿ ಚಿಕ್ಕ ಸ್ಪ್ರಾಕೆಟ್‌ನ ಹಲ್ಲು ಎಣಿಸಿ. ಒಂದು ಹಲ್ಲಿಗೆ ಬಣ್ಣದ ಚುಕ್ಕಿ ಇಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. 11 ಬಂದರೆ ಹೆಚ್ಚುಕಡಿಮೆ ಎಚ್‌ಜಿ. 10 ಬಂದರೆ ಎಚ್‌ಜಿ ಅಲ್ಲ. ಆಗ ಕ್ಯಾಸೆಟ್ ಶಿಮಾನೊದ್ದಾದರೆ ಮೈಕ್ರೋ ಸ್ಪ್ಲೈನ್, ಸ್ರಾಮ್‌ನದ್ದಾದರೆ ಎಕ್ಸ್‌ಡಿ. ಒಳ್ಳೇ ಹಬ್‌ಗಳಲ್ಲಿ ಫ್ರೀಹಬ್ ಮಾತ್ರ ಬಿಚ್ಚಿ ಬೇರೆ ಥರದ್ದು ಹಾಕಬಹುದು. ಕಡಿಮೆ ದರದ ಬೈಕಿನ ಜೊತೆ ಬರುವ ಹಬ್‌ಗಳಿಗೆ ಆ ಬದಲಿ ಭಾಗ ಎಷ್ಟೋ ಸಲ ಇರುವುದೇ ಇಲ್ಲ, ಕೊಳ್ಳುವ ಮುಂಚೆ ವಿಚಾರಿಸಿ.

ಎಚ್‌ಜಿ ಇದ್ದವರು ಬೇಜಾರು ಮಾಡಿಕೊಳ್ಳುವ ಅಗತ್ಯ ಇಲ್ಲ. ಕಳೆದುಕೊಳ್ಳುವುದು 10 ಹಲ್ಲಿನ ಆ ಒಂದು ಸ್ಪ್ರಾಕೆಟ್ ಮಾತ್ರ. ಒಂದು ಲೆಕ್ಕ ಹಾಕಿ ನೋಡೋಣ. ಮುಂದೆ 32, ಹಿಂದೆ 10ರಿಂದ 51 ಇದ್ದರೆ ಅತಿ ಹಗುರ ಗೇರ್ 32 ಭಾಗಿಸು 51, ಅಂದರೆ 0.63. ಮುಂದೆ 30, ಹಿಂದೆ 11ರಿಂದ 48 ಇದ್ದರೆ 30 ಭಾಗಿಸು 48, 0.625. ಏರಿನಲ್ಲಿ ಎರಡೂ ಒಂದೇ! 29 ಇಂಚಿನ ಚಕ್ರದಲ್ಲಿ ನಿಮಿಷಕ್ಕೆ 60 ಸಲ ಪೆಡಲ್ ತುಳಿದರೆ ಗಂಟೆಗೆ ಸುಮಾರು 5 ಕಿ.ಮೀ. ವ್ಯತ್ಯಾಸ ಬರುವುದು ಇನ್ನೊಂದು ತುದಿಯಲ್ಲಿ. ನಿಮಿಷಕ್ಕೆ 90 ಸಲ ತುಳಿದರೆ ಮೊದಲನೆಯದು ಗಂಟೆಗೆ ಸುಮಾರು 40 ಕಿ.ಮೀ. ಮುಟ್ಟುತ್ತದೆ, ಎರಡನೆಯದು 34ರ ಹತ್ತಿರ ನಿಲ್ಲುತ್ತದೆ. ಕಾಡುದಾರಿಯ ಇಳಿಜಾರಿನಲ್ಲಿ 34ರ ಮೇಲೆ ಹೋಗುವಾಗ ಪೆಡಲ್ ತುಳಿಯುವವರು ಎಷ್ಟು ಜನ? ಬಹುತೇಕರು ಎದ್ದು ನಿಂತು ಬ್ರೇಕ್ ಮೇಲೆ ಬೆರಳಿಟ್ಟುಕೊಂಡಿರುತ್ತಾರೆ. ಟಾರು ರಸ್ತೆಯಲ್ಲಿ ದೂರ ಹೋಗಿ ಆಮೇಲೆ ದಾರಿ ಹಿಡಿಯುವವರಿಗೆ, ರೇಸ್ ಓಡಿಸುವವರಿಗೆ ಆ 10 ಹಲ್ಲು ಬೇಕು. ಉಳಿದವರು ಅದಕ್ಕಾಗಿ ಚಕ್ರ ಬದಲಿಸುವುದು ನನಗೆ ಅರ್ಥವಾಗದ ಖರ್ಚು.

ಶಿಫ್ಟರ್ ಮತ್ತು ಡಿರೇಲರ್ ಒಂದೇ ಕುಟುಂಬದ್ದಾಗಿರಲಿ

ಪ್ರತಿ ಕ್ಲಿಕ್‌ಗೆ ಶಿಫ್ಟರ್ ಇಂತಿಷ್ಟು ಕೇಬಲ್ ಎಳೆಯುತ್ತದೆ, ಅದಕ್ಕೆ ಡಿರೇಲರ್ ಇಂತಿಷ್ಟು ಸರಿಯುತ್ತದೆ. ಈ ಲೆಕ್ಕ ಶಿಮಾನೊದಲ್ಲಿ ಒಂದು, ಸ್ರಾಮ್‌ನಲ್ಲಿ ಇನ್ನೊಂದು, ಮೈಕ್ರೋಶಿಫ್ಟ್‌ನ ಅಡ್ವೆಂಟ್‌ನಲ್ಲಿ ಮತ್ತೊಂದು. ಶಿಮಾನೊ ಒಳಗೇ ಹಳೇ 9 ಸ್ಪೀಡ್ ಬೇರೆ, ಆಮೇಲೆ ಬಂದ ಮೌಂಟನ್ 10 ಸ್ಪೀಡ್ ಬೇರೆ. ಆದ್ದರಿಂದ ಶಿಫ್ಟರ್ ಮತ್ತು ಡಿರೇಲರ್ ಜೋಡಿಯನ್ನು ಒಡೆಯಬೇಡಿ. ಕ್ಯಾಸೆಟ್ ವಿಷಯದಲ್ಲಿ ಸ್ವಲ್ಪ ಸಡಿಲ ಇದೆ. ಸ್ರಾಮ್‌ನ 12 ಸ್ಪೀಡ್ ಆದ ಈಗಲ್ ಡಿರೇಲರ್‌ಗೆ ಶಿಮಾನೊ 12 ಸ್ಪೀಡ್ ಕ್ಯಾಸೆಟ್ ಹಾಕಿ ಓಡಿಸುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ಎರಡೂ ಕಂಪನಿಗಳು ತಮ್ಮ ಚೈನ್ ಮತ್ತು ತಮ್ಮ ಹಲ್ಲಿನ ಆಕಾರವನ್ನು ಜೊತೆಯಾಗಿಯೇ ರೂಪಿಸಿರುವುದರಿಂದ ಗೇರ್ ಬೀಳುವ ನಯ ಸ್ವಲ್ಪ ಕಮ್ಮಿಯಾಗುತ್ತದೆ.

ಶಿಮಾನೊ 12 ಸ್ಪೀಡ್

ಮೈಕ್ರೋ ಸ್ಪ್ಲೈನ್ ಇದ್ದರೆ ನನ್ನ ಉತ್ತರ ಚಿಕ್ಕದು: ಡಿಯೋರ್ ಎಂ6100 ಡಿರೇಲರ್, ಎಸ್‌ಎಲ್‌ಎಕ್ಸ್ ಅಥವಾ ಎಕ್ಸ್‌ಟಿ ಶಿಫ್ಟರ್. ಡಿಯೋರ್ ಎಂ6100, ಎಸ್‌ಎಲ್‌ಎಕ್ಸ್ ಎಂ7100, ಎಕ್ಸ್‌ಟಿ ಎಂ8100, ಎಕ್ಸ್‌ಟಿಆರ್ ಎಂ9100 ಎಲ್ಲವೂ ಒಂದಕ್ಕೊಂದು ಹೊಂದುತ್ತವೆ. ಡಿಯೋರ್ ಬಂದದ್ದು 2020ರಲ್ಲಿ, ಮೇಲಿನವುಗಳ ಬಹುತೇಕ ಗುಣ ಅದಕ್ಕೂ ಇಳಿದು ಬಂದಿದೆ: ಆನ್ ಆಫ್ ಮಾಡುವ ಕ್ಲಚ್, 13 ಹಲ್ಲಿನ ಪುಲ್ಲಿ, 51ರವರೆಗೆ ಹೋಗುವ ಉದ್ದ ಕೇಜ್. ಡಿಯೋರ್‌ಗೂ ಎಕ್ಸ್‌ಟಿಗೂ ತೂಕದಲ್ಲಿ ಇರುವ ಅಂತರ ಸುಮಾರು 40 ಗ್ರಾಂ. ನೀರಿನ ಬಾಟಲಿಯಿಂದ ಎರಡು ಗುಟುಕು ಕುಡಿದರೆ ಅಷ್ಟು ತೂಕ ಇಳಿಯುತ್ತದೆ. ಎಕ್ಸ್‌ಟಿಯ ಕೀಲುಗಳು ಕೆಸರಿನಲ್ಲಿ ಜಾಸ್ತಿ ದಿನ ಬಿಗಿಯಾಗಿರುತ್ತವೆ ಅನ್ನುವ ಮಾತಿದೆ, ಒಪ್ಪುತ್ತೇನೆ. ಆದರೆ ಕಲ್ಲಿಗೆ ಬಡಿದರೆ ಎರಡೂ ಒಂದೇ ಥರ ಬಾಗುತ್ತವೆ.

ಎಕ್ಸ್‌ಟಿ ಶಿಫ್ಟರ್ ಮಾತ್ರ ಬೇರೆಯೇ. ಒಂದೇ ಒತ್ತಿಗೆ ಎರಡು ಗೇರ್ ಇಳಿಸಬಹುದು, ಕ್ಲಿಕ್ ಸ್ಪಷ್ಟ. ಶಿಮಾನೊದಲ್ಲಿ ಗೇರ್ ಬಿಡುವ ಲಿವರನ್ನು ಹೆಬ್ಬೆರಳಿನಿಂದ ತಳ್ಳಲೂಬಹುದು, ತೋರುಬೆರಳಿನಿಂದ ಎಳೆಯಲೂಬಹುದು. ಸ್ರಾಮ್‌ನಲ್ಲಿ ಎರಡು ಲಿವರ್‌ಗೂ ಹೆಬ್ಬೆರಳೇ. ಇದು ಅಭ್ಯಾಸದ ವಿಷಯ, ಸಾಧ್ಯವಾದರೆ ಎರಡನ್ನೂ ಒಮ್ಮೆ ಹಿಡಿದು ನೋಡಿ.

ಇಲ್ಲಿ ಒಂದು ಬಲೆ ಇದೆ, ಮಾಡೆಲ್ ನಂಬರಿನಲ್ಲಿ. ಎಂ7100 ಮತ್ತು ಎಂ7120, ಎಂ8100 ಮತ್ತು ಎಂ8120: ಪೆಟ್ಟಿಗೆ ನೋಡಿದರೆ ಅವಳಿ ಮಕ್ಕಳು. ಕೊನೆಗೆ 20 ಇರುವವು ಮುಂದೆ ಎರಡು ರಿಂಗ್ ಇರುವ ಬೈಕಿಗೂ ಆಗಲಿ ಅಂತ ಮಾಡಿದ್ದು, ಅವುಗಳ ಮಿತಿ 45 ಹಲ್ಲು. 51ರ ಕ್ಯಾಸೆಟ್‌ಗೆ ಅವು ಆಗುವುದಿಲ್ಲ. ಎಕ್ಸ್‌ಟಿ ಎಂ8130 ಅಂತ ಕಂಡರೆ ಅದು 12 ಸ್ಪೀಡೇ ಅಲ್ಲ, ಶಿಮಾನೊದ ದಪ್ಪ ಹಲ್ಲಿನ ಲಿಂಕ್‌ಗ್ಲೈಡ್‌ನ 11 ಸ್ಪೀಡ್. ರಿಯಾಯಿತಿ ದರದಲ್ಲಿ ಬಿದ್ದಿರುತ್ತವೆ ಇವು, ಒಂದು ಅಂಕಿಯ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಸ್ರಾಮ್ ಈಗಲ್

ಈಗಲ್ 2016ರಲ್ಲಿ ಎಕ್ಸ್‌ಎಕ್ಸ್1 ಮತ್ತು ಎಕ್ಸ್01 ರೂಪದಲ್ಲಿ ಬಂತು, 10ರಿಂದ 50. ಮಾರನೇ ವರ್ಷ ಜಿಎಕ್ಸ್. ಆಮೇಲೆ ಎನ್‌ಎಕ್ಸ್, ಎಸ್‌ಎಕ್ಸ್. 2020ರಲ್ಲಿ 52 ಹಲ್ಲಿನ ಕ್ಯಾಸೆಟ್. ಕೇಬಲ್‌ನ ಈ ಈಗಲ್‌ಗಳೆಲ್ಲ ಒಂದಕ್ಕೊಂದು ಹೊಂದುತ್ತವೆ, ಹಾಗಾಗಿ ಎನ್‌ಎಕ್ಸ್ ಡಿರೇಲರ್ ಮುರಿದವರು ಬೇರೆ ಏನನ್ನೂ ಮುಟ್ಟದೆ ಜಿಎಕ್ಸ್ ಹಾಕಬಹುದು. ಹಾಗೆ ಮಾಡುವುದೇ ಸರಿ ಅನ್ನಿಸುತ್ತದೆ ನನಗೆ. ಜಿಎಕ್ಸ್‌ನ ಕೀಲುಗಳು ಬಿಗಿಯಾಗಿವೆ, ದರ ಕೈಮೀರಿ ಹೋಗುವುದಿಲ್ಲ. ಎಸ್‌ಎಕ್ಸ್ ಹೊಸ ಬೈಕಿನ ಜೊತೆ ಬಂದರೆ ಓಡಿಸಿ, ಬಿಡಿಯಾಗಿ ದುಡ್ಡು ಕೊಟ್ಟು ತರುವಂಥದ್ದಲ್ಲ. ಎಕ್ಸ್01ಗಿಂತ ಮೇಲಿನದು ರೇಸಿನವರಿಗೆ ಬಿಡೋಣ.

ಎನ್‌ಎಕ್ಸ್ ಕ್ಯಾಸೆಟ್ 11ರಿಂದ 50, ಹಳೇ ಎಚ್‌ಜಿ ಫ್ರೀಹಬ್ ಮೇಲೇ ಕೂರುತ್ತದೆ. ಅಂದರೆ ಎಚ್‌ಜಿ ಇದ್ದವರಿಗೂ ಈಗಲ್ ಬಾಗಿಲು ಮುಚ್ಚಿಲ್ಲ. ಆದರೆ ಆ ಕ್ಯಾಸೆಟ್ ಕಬ್ಬಿಣದ ತುಂಡು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಶಿಮಾನೊ, ಸ್ರಾಮ್ ಎರಡರ ನಡುವೆ ನಿಜವಾದ ವ್ಯತ್ಯಾಸ ಎಲ್ಲಿ ಅನುಭವಕ್ಕೆ ಬರುತ್ತದೆ ಅಂದರೆ ಕೊನೆಯ ಮೆಟ್ಟಿಲಿನಲ್ಲಿ. ಶಿಮಾನೊ 10-51 ಕ್ಯಾಸೆಟ್‌ನ ದೊಡ್ಡ ಸ್ಪ್ರಾಕೆಟ್‌ಗಳು 33, 39, 45, 51. ಸ್ರಾಮ್ 10-52ರಲ್ಲಿ 32, 36, 42, ಆಮೇಲೆ ಒಮ್ಮೆಲೇ 52. ಶಿಮಾನೊದಲ್ಲಿ ಕೊನೆಯ ಜಿಗಿತ ಶೇಕಡಾ 13, ಸ್ರಾಮ್‌ನಲ್ಲಿ ಶೇಕಡಾ 24. ಕಡಿದಾದ ಏರಿನಲ್ಲಿ ಉಸಿರು ಬಿಗಿಹಿಡಿದು ತುಳಿಯುತ್ತಿರುವಾಗ ಸ್ರಾಮ್‌ನ ಆ 52ಕ್ಕೆ ಹೋದರೆ ಕಾಲು ಇದ್ದಕ್ಕಿದ್ದಂತೆ ಗಾಳಿಯಲ್ಲಿ ತಿರುಗಿದ ಹಾಗೆ ಆಗುತ್ತದೆ. ಕೆಲವರಿಗೆ ಅದೇ ಇಷ್ಟ, ಕಷ್ಟಕಾಲಕ್ಕೆ ಅಂತ ಒಂದು ಗೇರ್ ಎತ್ತಿಟ್ಟಂತೆ. ಒಂದೇ ಲಯದಲ್ಲಿ ಏರು ಹತ್ತುವವರಿಗೆ ಶಿಮಾನೊದ ಸಮನಾದ ಮೆಟ್ಟಿಲು ಹಿಡಿಸುತ್ತದೆ. ನಾನು ಎರಡನೇ ಗುಂಪಿನವನು.

ಎಚ್‌ಜಿ ಇದ್ದವರಿಗೆ: ಹನ್ನೊಂದು, ಹತ್ತು, ಮತ್ತು ಲಿಂಕ್‌ಗ್ಲೈಡ್

12 ಇದ್ದರೇನೇ ಬೈಕು ಅನ್ನುವ ಮಾತನ್ನು ನಂಬಬೇಡಿ. ಶಿಮಾನೊ ಡಿಯೋರ್ ಎಂ5100 ಅಂತ 11 ಸ್ಪೀಡ್ ಇದೆ. ಕ್ಯಾಸೆಟ್ 11ರಿಂದ 51, ಎಚ್‌ಜಿ ಮೇಲೇ ಕೂರುತ್ತದೆ. ಡಿರೇಲರ್‌ನಲ್ಲಿ ಕ್ಲಚ್ ಇದೆ. ದೊಡ್ಡ ಸ್ಪ್ರಾಕೆಟ್‌ಗಳು ಅದೇ 33, 39, 45, 51. ಅಂದರೆ ಏರಿನಲ್ಲಿ 12 ಸ್ಪೀಡ್‌ನವರ ಪಕ್ಕದಲ್ಲೇ ಹತ್ತುತ್ತೀರಿ. ಇರುವ ಚಕ್ರ ಇಟ್ಟುಕೊಂಡು ಏರಿಗೆ ಹಗುರ ಗೇರ್ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಇದರ ಹತ್ತಿರದ ನೆಂಟರು ಎಂ5120, ಎಂ4120 ಅಂತ ಇದ್ದಾರೆ. ಅವುಗಳ ಮಿತಿ 46 ಹಲ್ಲು, ಎಂ4120ರಲ್ಲಿ ಕ್ಲಚ್ ಕೂಡ ಇಲ್ಲ.

ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್ 10 ಸ್ಪೀಡಿನದು, ಕ್ಯಾಸೆಟ್ 11ರಿಂದ 48, ಇದೂ ಎಚ್‌ಜಿ. ಕ್ಲಚ್ ಇದೆ, ಅದನ್ನು ಆನ್ ಆಫ್ ಮಾಡುವ ಲಿವರ್ ಇದೆ, ಡಿರೇಲರ್ ಗಟ್ಟಿಮುಟ್ಟು. ಹತ್ತೇ ಸ್ಪ್ರಾಕೆಟ್ ಆದ್ದರಿಂದ ನಡುವಿನ ಜಿಗಿತ ದೊಡ್ಡದು, 28 ಆದಮೇಲೆ 34, 40, 48. ಚಪ್ಪಟೆ ರಸ್ತೆಯಲ್ಲಿ ಗುಂಪಿನ ಜೊತೆ ಸಮವೇಗದಲ್ಲಿ ಹೋಗುವಾಗ ಒಂದು ಗೇರ್ ಭಾರ, ಇನ್ನೊಂದು ಹಗುರ ಅನ್ನಿಸಬಹುದು. ದಾರಿಯಲ್ಲಿ ಏರು ಇಳಿತ ಪದೇಪದೇ ಬರುತ್ತಿದ್ದರೆ ಅದರ ಗೊಡವೆಯೇ ಇರುವುದಿಲ್ಲ, ಒಂದು ಕ್ಲಿಕ್‌ಗೆ ಗೇರ್ ನಿಜವಾಗಿ ಬದಲಾಗಿದೆ ಅಂತ ಗೊತ್ತಾಗುತ್ತದೆ. ಸ್ಪ್ರಾಕೆಟ್‌ಗಳ ನಡುವಿನ ಅಂತರ 12 ಸ್ಪೀಡ್‌ಗಿಂತ ಅಗಲವಾದ್ದರಿಂದ ಹ್ಯಾಂಗರ್ ಕೂದಲೆಳೆಯಷ್ಟು ಬಾಗಿದರೂ ಓಡುತ್ತದೆ. ಕೆಸರು, ಧೂಳು, ಬೀಳು ಏಳು ಜಾಸ್ತಿ ಇರುವವರಿಗೆ, ತಾವೇ ರಿಪೇರಿ ಮಾಡಿಕೊಳ್ಳುವವರಿಗೆ, ದೊಡ್ಡ ಮಕ್ಕಳ ಬೈಕಿಗೆ ಬಹಳ ಒಳ್ಳೇ ಆಯ್ಕೆ. ಶಿಫ್ಟರ್ ಮತ್ತು ಡಿರೇಲರ್ ಜೊತೆಯಾಗಿಯೇ ತಗೊಳ್ಳಬೇಕು, ಅಷ್ಟೇ.

ಶಿಮಾನೊ 2023ರಲ್ಲಿ ತಂದ ಕ್ಯೂಸ್ ಕುಟುಂಬ ಲಿಂಕ್‌ಗ್ಲೈಡ್ ಮೇಲೆ ನಿಂತಿದೆ. ಇದರ ಹಲ್ಲುಗಳು ದಪ್ಪ, ಎತ್ತರ. ಸಾಮಾನ್ಯ ಕ್ಯಾಸೆಟ್‌ಗಿಂತ ಮೂರು ಪಟ್ಟು ಬಾಳುತ್ತದೆ ಅನ್ನುವುದು ಕಂಪನಿಯ ಮಾತು. 9, 10, 11 ಸ್ಪೀಡ್ ಮೂರಕ್ಕೂ ಕೇಬಲ್ ಎಳೆತ ಒಂದೇ, ಸ್ಪ್ರಾಕೆಟ್ ಅಂತರವೂ ಒಂದೇ. 11 ಸ್ಪೀಡ್‌ನಲ್ಲಿ 11ರಿಂದ 50ರ ಕ್ಯಾಸೆಟ್ ಸಿಗುತ್ತದೆ, ಅದೂ ಎಚ್‌ಜಿ ಮೇಲೆ. ಪೆಡಲ್ ಮೇಲೆ ಭಾರ ಹಾಕಿಕೊಂಡೇ ಗೇರ್ ಬದಲಿಸಿದರೂ ಠಕ್ ಅನ್ನದೆ ನಯವಾಗಿ ಹೋಗುತ್ತದೆ, ಚೂರು ನಿಧಾನವಾಗಿ. ಮೋಟಾರ್ ಇರುವ ಮೌಂಟನ್ ಬೈಕಿಗೆ, ಕ್ಯಾಸೆಟ್ ತಿಂದು ತೇಗುವ ಬಲವಾದ ಕಾಲಿನವರಿಗೆ ನಾನು ಇದನ್ನೇ ಹೇಳುತ್ತೇನೆ. ತೂಕ ಜಾಸ್ತಿ, ಅದಂತೂ ನಿಜ. ಎರಡು ಎಚ್ಚರಿಕೆ. ಕ್ಯೂಸ್ ಡಿರೇಲರನ್ನು ಸಾಮಾನ್ಯ 10 ಅಥವಾ 11 ಸ್ಪೀಡ್ ಕ್ಯಾಸೆಟ್ ಜೊತೆ ಬೆರೆಸಲು ಆಗುವುದಿಲ್ಲ, ಶಿಫ್ಟರ್ ಡಿರೇಲರ್ ಕ್ಯಾಸೆಟ್ ಮೂರೂ ಲಿಂಕ್‌ಗ್ಲೈಡೇ ಆಗಿರಬೇಕು. ಇನ್ನೊಂದು, ಕೆಳಗಿನ ಯು4000ದಲ್ಲಿ ಕ್ಲಚ್ ಇಲ್ಲ, ಯು6000ದಿಂದ ಮೇಲೆ ನೋಡಿ.

ಬ್ಯಾಟರಿ ಇರುವವು, ಹ್ಯಾಂಗರ್ ಇಲ್ಲದವು

2019ರಲ್ಲಿ ಸ್ರಾಮ್ ಈಗಲ್‌ಗೆ ಎಎಕ್ಸ್‌ಎಸ್ ವೈರ್‌ಲೆಸ್ ರೂಪ ಬಂತು. 2023ರಲ್ಲಿ ಬಂದ ಟ್ರಾನ್ಸ್‌ಮಿಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಹ್ಯಾಂಗರೇ ಇಲ್ಲ, ಡಿರೇಲರ್ ನೇರವಾಗಿ ಫ್ರೇಮಿನ ಎರಡೂ ಬದಿ ತಬ್ಬಿಕೊಂಡು ಆಕ್ಸಲ್ ಮೇಲೆ ಕೂರುತ್ತದೆ. ಡಿರೇಲರ್ ಎಲ್ಲಿಯವರೆಗೆ ಸರಿಯಬೇಕು ಅಂತ ಮಿತಿ ಹಾಕುವ ಲಿಮಿಟ್ ಸ್ಕ್ರೂ ಇಲ್ಲ. ಬಾಗಲು ಹ್ಯಾಂಗರ್ ಇಲ್ಲದ್ದರಿಂದ ಹೊಂದಾಣಿಕೆ ಕೆಡುವುದು ಬಹಳ ಕಮ್ಮಿ, ಒದೆ ತಿಂದರೂ ಸಹಿಸುತ್ತದೆ, ಮುರಿದ ಭಾಗವನ್ನಷ್ಟೇ ಬದಲಿಸಬಹುದು. ಪೂರ್ತಿ ಬಲ ಹಾಕಿ ತುಳಿಯುತ್ತಿರುವಾಗಲೂ ಗೇರ್ ಬದಲಾಗುತ್ತದೆ. ಆದರೆ ಅದು ತನ್ನ ಸಮಯ ತೆಗೆದುಕೊಂಡು, ಒಂದಾದಮೇಲೆ ಒಂದರಂತೆ ಬದಲಿಸುತ್ತದೆ. ಪಟಪಟ ಅಂತ ನಾಲ್ಕು ಗೇರ್ ಇಳಿಸುವ ಅಭ್ಯಾಸದವರಿಗೆ ಮೊದಮೊದಲು ರೇಗುತ್ತದೆ.

ಇದು ಬೇಕೆಂದರೆ ಫ್ರೇಮಿನಲ್ಲಿ ಯುಡಿಎಚ್ (ಬೇರೆ ಬೇರೆ ಕಂಪನಿಗಳು ಬಳಸುವ ಒಂದೇ ಅಳತೆಯ) ಹ್ಯಾಂಗರ್‌ಗೆ ಮಾಡಿದ ಜಾಗ ಇರಲೇಬೇಕು. ಹಳೇ ಫ್ರೇಮಿಗೆ ದಾರಿಯೇ ಇಲ್ಲ. ಕ್ಯಾಸೆಟ್, ಚೈನ್, ಚೈನ್‌ರಿಂಗ್ ಎಲ್ಲವೂ ಟ್ರಾನ್ಸ್‌ಮಿಷನ್‌ನದೇ ಆಗಬೇಕು. ಹಾಗಾಗಿ ಇದನ್ನು ಡಿರೇಲರ್ ಆಯ್ಕೆ ಅನ್ನುವುದಕ್ಕಿಂತ ಇಡೀ ಗೇರ್ ವ್ಯವಸ್ಥೆಯ ಆಯ್ಕೆ ಅನ್ನಬೇಕು. ಬ್ಯಾಟರಿ ಬೇಡ ಅನ್ನುವವರಿಗೆ 2025ರಲ್ಲಿ ಈಗಲ್ 70 ಮತ್ತು ಈಗಲ್ 90 ಬಂದಿವೆ, ಅದೇ ರಚನೆ, ಆದರೆ ಕೇಬಲ್. ಹೊಸ ಬೈಕ್ ಪೂರ್ತಿ ಕಟ್ಟುತ್ತಿರುವವರು ಇವೆರಡನ್ನು ಖಂಡಿತ ನೋಡಬೇಕು. ನನಗಂತೂ ಬ್ಯಾಟರಿಯದಕ್ಕಿಂತ ಇವೇ ಜಾಸ್ತಿ ಹಿಡಿಸಿವೆ.

ಶಿಮಾನೊ ಕೂಡ 2025ರಲ್ಲಿ ಮೌಂಟನ್ ಬೈಕಿಗೆ ತನ್ನ ಎಲೆಕ್ಟ್ರಾನಿಕ್ ಗೇರ್ ಆದ ಡಿಐ2ವಿನ ವೈರ್‌ಲೆಸ್ ರೂಪ ತಂದಿತು, ಎಕ್ಸ್‌ಟಿಆರ್, ಎಕ್ಸ್‌ಟಿ, ಡಿಯೋರ್ ಮೂರರಲ್ಲೂ. ಅದರ ದೊಡ್ಡ ಅನುಕೂಲ ಏನೆಂದರೆ ಹಳೇ 12 ಸ್ಪೀಡ್ ಕ್ಯಾಸೆಟ್, ಚೈನ್ ಇಟ್ಟುಕೊಂಡೇ ಡಿರೇಲರ್ ಮತ್ತು ಶಿಫ್ಟರ್ ಮಾತ್ರ ಬದಲಿಸಬಹುದು. ಕೇಬಲ್ ಎಳೆಯಲು ಕಷ್ಟವಾದ, ಎಲ್ಲವೂ ಫ್ರೇಮಿನ ಒಳಗೆ ಹಾದುಹೋಗುವ ಬೈಕಿನವರಿಗೆ ವೈರ್‌ಲೆಸ್ ನಿಜಕ್ಕೂ ನೆಮ್ಮದಿ. ದಿನಗಟ್ಟಲೆ ಕರೆಂಟ್ ಇಲ್ಲದ ಕಡೆ ಹೋಗುವವರಿಗೆ ಅಲ್ಲ.

ಕೇಜ್, ಕ್ಲಚ್

ಕೇಜ್ ಉದ್ದದ ಲೆಕ್ಕ ಒಂದೇ ರಿಂಗ್ ಇದ್ದಾಗ ಬಹಳ ಸುಲಭ. ದೊಡ್ಡ ಸ್ಪ್ರಾಕೆಟ್‌ನಿಂದ ಚಿಕ್ಕದನ್ನು ಕಳೆಯಿರಿ, ಅಷ್ಟು ಸಾಮರ್ಥ್ಯ ಡಿರೇಲರ್‌ಗೆ ಇರಬೇಕು. 51ರಿಂದ 10 ಕಳೆದರೆ 41, ಶಿಮಾನೊದ ಉದ್ದ ಕೇಜ್‌ಗೆ ಬರೆದಿರುವುದೂ 41. ಚಿಕ್ಕ ಕೇಜ್ ನೆಲದಿಂದ ಮೇಲಿರುತ್ತದೆ, ಕಲ್ಲು ತಾಗುವುದು ಕಮ್ಮಿ, ಚೈನ್ ಬಿಗಿ. ಎಕ್ಸ್‌ಟಿಆರ್‌ನಲ್ಲಿ 10-45ಕ್ಕೆ ಅಂತ ಮಧ್ಯಮ ಕೇಜ್ ಇದೆ. ಹಿಂದೆಯೂ ಸಸ್ಪೆನ್ಷನ್ ಇರುವ ಬೈಕಿನಲ್ಲಿ ಚಕ್ರ ಮೇಲೆ ಒತ್ತಿದಾಗ ಚೈನ್ ಇನ್ನೂ ಸ್ವಲ್ಪ ಉದ್ದ ಬೇಡುತ್ತದೆ. ಅಂಥವರು ಶಾಕಿನ ಗಾಳಿ ಬಿಟ್ಟು, ಚಕ್ರ ಪೂರ್ತಿ ಮೇಲಕ್ಕೆ ಒತ್ತಿ, ದೊಡ್ಡ ಸ್ಪ್ರಾಕೆಟ್‌ನಲ್ಲಿಟ್ಟು ಚೈನ್ ಅಳತೆ ಮಾಡಬೇಕು. ಇದೊಂದನ್ನು ಬಿಟ್ಟರೆ ಡಿರೇಲರ್ ಕಿತ್ತುಕೊಂಡು ಬರುವುದು ಮೊದಲ ದೊಡ್ಡ ಗುಂಡಿಯಲ್ಲೇ.

ಕ್ಲಚ್ ಬೇಕೇ ಬೇಕಾ ಅಂತ ಕೇಳುತ್ತಾರೆ. ಮಣ್ಣುರಸ್ತೆಯಲ್ಲಿ ಆರಾಮಾಗಿ ಓಡಾಡುವವರಿಗೆ ದಪ್ಪ ತೆಳು ಹಲ್ಲಿನ ರಿಂಗ್ ಒಂದೇ ಸಾಕು. ಕಲ್ಲಿನ ಇಳಿಜಾರು ಇದ್ದರೆ ಕ್ಲಚ್ ಇಲ್ಲದ್ದು ಬೇಡ. ಚೈನ್ ಬೀಳುವುದು ಒಂದು ಕಡೆ ಇರಲಿ, ಚೈನ್ ಫ್ರೇಮಿಗೆ ಬಡಿಯುವ ಚಟಚಟ ಶಬ್ದ ನಿಂತರೇ ಬೈಕು ಹೊಸದಾದಂತೆ ಅನ್ನಿಸುತ್ತದೆ. ಶಿಮಾನೊ ಕ್ಲಚ್ಚನ್ನು ಚಕ್ರ ಬಿಚ್ಚುವಾಗ ಆಫ್ ಮಾಡಬಹುದು, ಮುಚ್ಚಳ ತೆಗೆದು ಬಿಗಿಯನ್ನೂ ಹೊಂದಿಸಬಹುದು. ಸ್ರಾಮ್‌ನಲ್ಲಿ ಬಿಗಿ ಹೊಂದಿಸುವ ವ್ಯವಸ್ಥೆ ಇಲ್ಲ, ಬದಲಿಗೆ ಕೇಜನ್ನು ಮುಂದಕ್ಕೆ ತಳ್ಳಿ ಬೀಗದ ಗುರುತಿನ ಗುಂಡಿ ಒತ್ತಿದರೆ ಅಲ್ಲೇ ನಿಲ್ಲುತ್ತದೆ, ಚಕ್ರ ಬಿಚ್ಚಲು ಎರಡು ಕೈಯೂ ಖಾಲಿ. ಈ ಒಂದು ವಿಷಯದಲ್ಲಿ ಸ್ರಾಮ್‌ಗೆ ನನ್ನ ಓಟು.

ಹಾಕುವಾಗ

ದೊಡ್ಡ ಕ್ಯಾಸೆಟ್‌ಗಳಲ್ಲಿ ಗೇರ್ ಸರಿಯಾಗಿ ಬೀಳದಿದ್ದರೆ ಎಲ್ಲರೂ ಕೇಬಲ್ ತಿರುಪುತ್ತಾ ಕೂರುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಬಿ ಸ್ಕ್ರೂನಲ್ಲಿ, ಅಂದರೆ ಮೇಲಿನ ಪುಲ್ಲಿಗೂ ದೊಡ್ಡ ಸ್ಪ್ರಾಕೆಟ್‌ಗೂ ನಡುವಿನ ಸಂದಿಯಲ್ಲಿ. ಈಗಲ್ ಈ ವಿಷಯದಲ್ಲಿ ತುಂಬಾ ನಾಜೂಕು. ಸ್ರಾಮ್ ಅದಕ್ಕೆ ಅಂತಲೇ ಒಂದು ಪ್ಲಾಸ್ಟಿಕ್ ಅಳತೆಗೋಲು ಕೊಡುತ್ತದೆ. ಶಿಮಾನೊ 12 ಸ್ಪೀಡ್‌ನಲ್ಲಿ ಕೇಜ್‌ನ ಒಳಬದಿಯ ತಗಡಿನ ಮೇಲೆ ಒಂದು ಗೆರೆ ಇದೆ. ದೊಡ್ಡ ಸ್ಪ್ರಾಕೆಟ್‌ಗೆ ಹಾಕಿ, ಹಿಂದಿನಿಂದ ಬಗ್ಗಿ ನೋಡುತ್ತಾ ಆ ಗೆರೆ ಹಲ್ಲಿನ ತುದಿಗೆ ಸರಿಯಾಗಿ ಬರುವವರೆಗೆ ಸ್ಕ್ರೂ ತಿರುಗಿಸಬೇಕು. ಹಿಂದೆ ಸಸ್ಪೆನ್ಷನ್ ಇದ್ದರೆ ಒಬ್ಬರು ಬೈಕ್ ಮೇಲೆ ಕೂತಿರಬೇಕು, ಇನ್ನೊಬ್ಬರು ನೋಡಬೇಕು. ಸ್ಟ್ಯಾಂಡಿನಲ್ಲಿ ತೂಗುಹಾಕಿ ಹೊಂದಿಸಿದ್ದು ಕೂತ ತಕ್ಷಣ ಬದಲಾಗುತ್ತದೆ. ಸಂದಿ ಜಾಸ್ತಿಯಾದರೆ ಗೇರ್ ತಡವರಿಸುತ್ತದೆ, ಕಮ್ಮಿಯಾದರೆ ದೊಡ್ಡದರಲ್ಲಿ ಗರಗರ ಅನ್ನುತ್ತದೆ.

ಇನ್ನು ಹ್ಯಾಂಗರ್. ಬೈಕ್ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ: ಎರಡು ಪುಲ್ಲಿಗಳು ಸ್ಪ್ರಾಕೆಟ್‌ಗೆ ನೇರವಾಗಿ ಕೆಳಗಿಳಿಯಬೇಕು. ಕೆಳಗಿನದು ಚಕ್ರದ ಕಡ್ಡಿಗಳ (ಸ್ಪೋಕ್) ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ, ಹೊಸ ಡಿರೇಲರ್ ಹಾಕಿದರೂ ಅದೇ ತೊಂದರೆ ಮುಂದುವರಿಯುತ್ತದೆ. ಅದು ಮೆತ್ತಗಿರುವುದು ಬೇಕಂತಲೇ, ಫ್ರೇಮ್ ಉಳಿಯಲಿ ಅಂತ. ಯುಡಿಎಚ್ ಇದ್ದರೆ ಬೇರೆ ಬೇರೆ ಕಂಪನಿಯ ಬೈಕುಗಳಿಗೂ ಒಂದೇ ಹ್ಯಾಂಗರ್ ಆಗುತ್ತದೆ, ಇಲ್ಲದಿದ್ದರೆ ನಿಮ್ಮ ಫ್ರೇಮಿನದನ್ನು ಈಗಲೇ ಹುಡುಕಿ ತರಿಸಿಟ್ಟುಕೊಳ್ಳಿ, ಮುರಿದ ದಿನ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಡಿರೇಲರ್ ಕೊಳ್ಳುವವರು ಕೇಜ್‌ನ ಕೆಳತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತ ಇತ್ತ ಅಲ್ಲಾಡಿಸಿ ನೋಡಿ. ಚೂರು ಆಟ ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವಷ್ಟು ಲಟಪಟ ಇದ್ದರೆ ಕೀಲು ಸವೆದಿದೆ, 12 ಸ್ಪೀಡಿಗೆ ಅದು ಆಗದು. ಕ್ಲಚ್ ಆನ್ ಮಾಡಿ ಕೇಜನ್ನು ಮುಂದಕ್ಕೆ ಎಳೆಯಿರಿ, ಎಳೆಯುವಾಗ ಬಿಗಿ ಇರಬೇಕು, ಬಿಟ್ಟಾಗ ತಾನಾಗಿ ಹಿಂದಕ್ಕೆ ಬರಬೇಕು. ಪುಲ್ಲಿಯ ಹಲ್ಲು ಚೂಪಾಗಿದ್ದರೆ ತೊಂದರೆ ಇಲ್ಲ, ಪುಲ್ಲಿ ಬದಲಿಸಬಹುದು. ಹೊರಮೈ ಮೇಲಿನ ಗೀರುಗಳಿಗೂ ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಗರ್‌ಗೆ ಕೂರುವ ಬೋಲ್ಟಿನ ಮರೆ (ಥ್ರೆಡ್) ಮಾತ್ರ ಚೆನ್ನಾಗಿ ನೋಡಿ, ಅದು ಕೆಟ್ಟಿದ್ದರೆ ನಿಮ್ಮ ಹ್ಯಾಂಗರ್‌ನ ಮರೆಯನ್ನೂ ಕೆಡಿಸುತ್ತದೆ.